ಅರವತ್ತು ದಾಟಿದ ಗಂಡಸರ ದೈಹಿಕ ಸಾಮರ್ಥ್ಯ ಅಳೆಯೋದು: ಯಾವ ಪರೀಕ್ಷೆ, ಎಷ್ಟೆತ್ತರದ ಕುರ್ಚಿ, ಯಾರ ಪಟ್ಟಿ?

ಕೆರೆದಂಡೆ ಬಳಗ
ನಮ್ಮ ವಾಕಿಂಗ್ ಬಳಗದಲ್ಲಿ 60ರಿಂದ 82 ವರ್ಷದ ಗಂಡಸರು ಮೂವತ್ತು ಚಿಲ್ಲರೆ ಜನ ಇದ್ದಾರೆ. ಆರು ತಿಂಗಳಿಗೊಮ್ಮೆ ಎಲ್ಲರ ಶಕ್ತಿ, ಸಮತೋಲನ, ನಡಿಗೆ ಅಳೆದು ಬರೆದಿಡೋಣ ಅಂತ ಯೋಚನೆ. ತೂಕ, ಬಿಪಿ, ಶುಗರ್ ಎಲ್ಲರೂ ನೋಡಿಸ್ತಾರೆ. ಕಾಲಲ್ಲಿ ಎಷ್ಟು ಬಲ ಉಳಿದಿದೆ ಅಂತ ಯಾರೂ ನೋಡಲ್ಲ. ಕೈಲಿರೋದು 12 ಮೀಟರ್ ಉದ್ದದ ಹಾಲ್, ಪ್ಲಾಸ್ಟಿಕ್ ಕುರ್ಚಿಗಳು, ಟೇಪು, ಫೋನಿನ ಸ್ಟಾಪ್‌ವಾಚ್. ಬೇಕಾದ್ರೆ ಒಂದು ಸಣ್ಣ ಉಪಕರಣ ಕೊಳ್ಳಬಹುದು. ಯಾವ ಪರೀಕ್ಷೆ, ಯಾವ ಕ್ರಮದಲ್ಲಿ, ಎಷ್ಟು ಬಂದ್ರೆ ಸರಿ? ತಿಳಿದವರು ವಿವರವಾಗಿ ಬರೀರಿ.

ಮಂಡಿಚಿಪ್ಪು (ಫಿಸಿಯೋಥೆರಪಿ)
ಹಾಲ್ ಧಾರಾಳವಾಯಿತು. ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರಿಕ್ಲಿ ಮತ್ತು ಜೋನ್ಸ್ ರೂಪಿಸಿದ ಸೀನಿಯರ್ ಫಿಟ್‌ನೆಸ್ ಟೆಸ್ಟ್ ಇರುವುದೇ ಇಂಥ ಜಾಗಕ್ಕಾಗಿ. ಅದರಲ್ಲಿ ಕುರ್ಚಿಯಿಂದ ಏಳುವುದು, ತೋಳು ಮಡಿಸುವುದು, 6 ನಿಮಿಷದ ನಡಿಗೆ ಅಥವಾ 2 ನಿಮಿಷ ನಿಂತಲ್ಲೇ ಹೆಜ್ಜೆ, ಕೂತು ಬಾಗುವುದು, ಬೆನ್ನ ಹಿಂದೆ ಕೈ ಮುಟ್ಟಿಸುವುದು, ಕುರ್ಚಿಯಿಂದ ಎದ್ದು ನಡೆದು ತಿರುಗಿ ಬಂದು ಕೂರುವುದು, ಇಷ್ಟಿವೆ.

ಒಂದೇ ಒಂದು ಮಾಡಲು ಸಾಧ್ಯ ಎಂದರೆ 30 ಸೆಕೆಂಡಿನ ಕುರ್ಚಿ ಪರೀಕ್ಷೆ ಮಾಡಿ. ಕೂರುವ ಮಟ್ಟ ನೆಲದಿಂದ 17 ಇಂಚು, ಅಂದರೆ 43 ಸೆಂ.ಮೀ. ಇರಬೇಕು. ಕುರ್ಚಿಯ ಬೆನ್ನು ಗೋಡೆಗೆ ತಾಗಿರಲಿ. ವ್ಯಕ್ತಿ ಆಸನದ ನಡುಭಾಗದಲ್ಲಿ ನೇರವಾಗಿ ಕೂತು, ಎರಡೂ ಪಾದ ಪೂರ್ತಿ ನೆಲಕ್ಕೂರಿ, ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಬೇಕು. ‘ಶುರು’ ಎಂದ ಕೂಡಲೇ ಪೂರ್ತಿ ಎದ್ದು ಪೂರ್ತಿ ಕೂರಬೇಕು; 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದರು ಎಂಬುದೇ ಅಂಕ. ಸಮಯ ಮುಗಿದಾಗ ಅರ್ಧಕ್ಕಿಂತ ಹೆಚ್ಚು ಎದ್ದಿದ್ದರೆ ಅದೂ ಒಂದು. ಕೈ ಊರಿ ಎದ್ದರೆ ಅಧಿಕೃತ ಅಂಕ ಸೊನ್ನೆ. ಆದರೆ ಹಾಳೆಯಲ್ಲಿ ಬರೀ ಸೊನ್ನೆ ಬರೆದು ಬಿಡಬೇಡಿ. ‘0, ಕೈ ಊರಿ 8’ ಎಂದು ಬರೆದರೆ ಮುಂದಿನ ಸಲ ಹೋಲಿಸಲು ಏನಾದರೂ ಇರುತ್ತದೆ.

ಅಮೆರಿಕದ ಗಂಡಸರಲ್ಲಿ ನಡುವಿನ ಅರ್ಧದಷ್ಟು ಜನ ಬರುವ ವ್ಯಾಪ್ತಿ: 60–64ಕ್ಕೆ 14–19, 65–69ಕ್ಕೆ 12–18, 70–74ಕ್ಕೆ 12–17, 75–79ಕ್ಕೆ 11–17, 80–84ಕ್ಕೆ 10–15. ಕೆಳಗಿನ ಅಂಕಿಗಿಂತ ಕಡಿಮೆ ಬಂದರೆ ಬೀಳುವ ಅಪಾಯ ಹೆಚ್ಚು ಎಂದು ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಎಣಿಸುತ್ತದೆ.

ಕೆಡುವುದು ಎಲ್ಲಿ ಗೊತ್ತೇ? ಒಂದು, ಹತ್ತು ಸಲ ಆದಮೇಲೆ ಜನ ಪೂರ್ತಿ ಕೂರುವುದಿಲ್ಲ. ಕುಂಡೆ ಆಸನಕ್ಕೆ ಸೋಕಿದ ಹಾಗೆ ಮಾಡಿ ಮೇಲೇಳುತ್ತಾರೆ. ಎಣಿಸುವವರು ಪಕ್ಕದಲ್ಲಿ ನಿಂತು ಆಸನವನ್ನೇ ನೋಡುತ್ತಿರಬೇಕು, ಮುಖವನ್ನಲ್ಲ. ಎರಡು, ಮಂಡಿ ಪೂರ್ತಿ ಚಾಚದೆ ಗೂನು ಬೆನ್ನಲ್ಲೇ ಕೆಳಗಿಳಿಯುತ್ತಾರೆ. ಮೂರು, ನಿಮ್ಮ ಪ್ಲಾಸ್ಟಿಕ್ ಕುರ್ಚಿ. 75 ಕೆ.ಜಿ. ಕೂತರೆ ಆಸನ ಬಗ್ಗುತ್ತದೆ, ಕಾಲು ಜಾರುತ್ತದೆ, ಕುರ್ಚಿಯ ಕೈ ಅಡ್ಡ ಬರುತ್ತದೆ. ಕೈಯಿಲ್ಲದ ಮರದ ಅಥವಾ ಕಬ್ಬಿಣದ ಕುರ್ಚಿ ಒಂದನ್ನು ಗುರುತು ಮಾಡಿಟ್ಟುಕೊಂಡು ಪ್ರತಿ ಸಲವೂ ಅದನ್ನೇ ಬಳಸಿ.

ಡಾ. ಸಂಜೆ ಓಪಿಡಿ
ಕುರ್ಚಿಗಿಂತ ಮೊದಲು ಒಂದು ಹೆಜ್ಜೆ ಹಿಂದೆ ಹೋಗೋಣ. ಗಂಡಸರಲ್ಲಿ, ಅದರಲ್ಲೂ 65 ದಾಟಿದವರಲ್ಲಿ, ಪ್ರಾಸ್ಟೇಟ್ ಮಾತ್ರೆ ನುಂಗುವವರು ಬಹಳ. ಟ್ಯಾಮ್ಸುಲೋಸಿನ್, ಪ್ರಜೋಸಿನ್ ಗುಂಪಿನ ಮಾತ್ರೆಗಳು ಎದ್ದು ನಿಂತಾಗ ಬಿಪಿ ಇಳಿಸಬಹುದು. ಅದರ ಮೇಲೆ ಬಿಪಿ ಮಾತ್ರೆಯೂ ಇದ್ದರೆ ಕೇಳುವುದೇ ಬೇಡ. ಇಂಥವರನ್ನು ಕುರ್ಚಿಯಿಂದ ಪಟಪಟನೆ ಎಬ್ಬಿಸಿ ಕೂರಿಸಿದರೆ ತಲೆಸುತ್ತು ಬರುತ್ತದೆ, ಅದನ್ನು ನೀವು ‘ಕಾಲಲ್ಲಿ ಬಲ ಇಲ್ಲ’ ಎಂದು ಬರೆಯುತ್ತೀರಿ.

ಆದ್ದರಿಂದ 5 ನಿಮಿಷ ಮಲಗಿಸಿ ಬಿಪಿ ನೋಡಿ. ಎದ್ದು ನಿಂತ 1 ನಿಮಿಷಕ್ಕೆ ಮತ್ತು 3 ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಆ ದಿನ ಪರೀಕ್ಷೆ ಬೇಡ, ಮಾತ್ರೆ ಚೀಟಿ ಹಿಡಿದು ವೈದ್ಯರ ಹತ್ತಿರ ಹೋಗಲಿ. ತಾವಾಗಿಯೇ ಮಾತ್ರೆ ನಿಲ್ಲಿಸುವುದು ಬೇಡ.

ಕಳೆದ ಒಂದು ತಿಂಗಳಲ್ಲಿ ಹೃದಯಾಘಾತವಾದವರು, ಆಗಾಗ ಎದೆನೋವು ಬರುತ್ತಿರುವವರು 6 ನಿಮಿಷದ ನಡಿಗೆ ಮಾಡಲೇಬಾರದು. ಕೂತಾಗಲೇ ನಾಡಿ 120 ದಾಟಿದ್ದರೆ ಅಥವಾ ಬಿಪಿ 180/100 ಮೀರಿದ್ದರೆ ಮುಂದೂಡಿ. ಹರ್ನಿಯಾ ಇರುವವರು, ಇತ್ತೀಚೆಗೆ ಕಣ್ಣು ಅಥವಾ ಹೊಟ್ಟೆಯ ಆಪರೇಷನ್ ಆದವರು ಉಸಿರು ಬಿಗಿಹಿಡಿದು ಗ್ರಿಪ್ (ಕೈಹಿಡಿತದ ಬಲ ಅಳೆಯುವ ಉಪಕರಣ) ಒತ್ತುವುದು ಬೇಡ. ಇನ್ಸುಲಿನ್ ತಗೊಳ್ಳುವವರು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ನಿಲ್ಲದಂತೆ ಮೊದಲೇ ಹೇಳಿ. ನಮ್ಮಲ್ಲಿ ‘ಟೆಸ್ಟ್’ ಎಂದರೆ ಉಪವಾಸ ಬರುವುದು ರೂಢಿ. ಇನ್ನೊಂದು: ಮೆಟೊಪ್ರೊಲಾಲ್, ಅಟೆನೊಲಾಲ್ ತಗೊಳ್ಳುವವರ ನಾಡಿ ಅಷ್ಟಾಗಿ ಏರುವುದಿಲ್ಲ. ಅವರಲ್ಲಿ ನಾಡಿ ನೋಡಿ ದಣಿವು ಅಂದಾಜು ಮಾಡಬೇಡಿ, ಒಂದು ವಾಕ್ಯ ಪೂರ್ತಿ ಮಾತಾಡಿಸಿ ನೋಡಿ.

ಕೆರೆದಂಡೆ ಬಳಗ
ಪ್ರಾಸ್ಟೇಟ್ ಮಾತ್ರೆ ವಿಷಯ ಹೊಳೆದೇ ಇರಲಿಲ್ಲ ಡಾಕ್ಟ್ರೇ, ಫಾರಂನಲ್ಲಿ ಸೇರಿಸ್ತೀವಿ. ಒಂದು ಅನುಮಾನ. ಒಂದು ಕಡೆ ‘5 ಸಲ ಏಳೋಕೆ ಎಷ್ಟು ಸೆಕೆಂಡ್’ ಅಂತಿದೆ, ಇನ್ನೊಂದು ಕಡೆ ‘30 ಸೆಕೆಂಡಿಗೆ ಎಷ್ಟು ಸಲ’ ಅಂತಿದೆ. ಎರಡೂ ಒಂದೇನಾ? ಹಾಗೇ ಎದ್ದು ತಿರುಗಿ ಬರೋದಕ್ಕೆ 3 ಮೀಟರ್ ಮತ್ತೆ 8 ಅಡಿ?

ಸೆಕೆಂಡುಮುಳ್ಳು
ಒಂದೇ ಅಲ್ಲ. ಹೆಚ್ಚಿನ ಗೊಂದಲ ಹುಟ್ಟುವುದೇ ಇಲ್ಲಿ.

ಐದು ಸಲದ್ದು ಎಸ್‌ಪಿಪಿಬಿ ಎಂಬ, ಸಮತೋಲನ, ನಡಿಗೆ, ಕುರ್ಚಿ ಮೂರನ್ನೂ ಅಳೆಯುವ ಪರೀಕ್ಷಾ ಗುಚ್ಛದ ಭಾಗ, 1994ರಲ್ಲಿ ಗುರಾಲ್ನಿಕ್ ತಂಡ ಪ್ರಕಟಿಸಿದ್ದು. ಅದರಲ್ಲಿ ಐದನೇ ಸಲ ಪೂರ್ತಿ ಎದ್ದು ನಿಂತ ಕ್ಷಣಕ್ಕೆ ಗಡಿಯಾರ ನಿಲ್ಲಿಸಬೇಕು. ಕೆಲವು ಕಡೆ ಐದನೇ ಸಲ ಕೂತಮೇಲೆ ನಿಲ್ಲಿಸುತ್ತಾರೆ. ಅಲ್ಲೇ ಸುಮಾರು ಒಂದು ಸೆಕೆಂಡು ಹೆಚ್ಚಾಗುತ್ತದೆ. ಎಸ್‌ಪಿಪಿಬಿಯಲ್ಲಿ 11.19 ಸೆಕೆಂಡಿನೊಳಗೆ ಮುಗಿದರೆ 4 ಅಂಕ, 13.69ರವರೆಗೆ 3, 16.69ರವರೆಗೆ 2, ಅದಕ್ಕೂ ಮೇಲೆ 1, ಆಗಲೇ ಇಲ್ಲ ಅಥವಾ 60 ಸೆಕೆಂಡ್ ದಾಟಿತು ಎಂದರೆ 0. ಹಾಗಾಗಿ ಆ ಒಂದು ಸೆಕೆಂಡು ಒಂದು ಅಂಕವನ್ನೇ ನುಂಗಬಹುದು.

ಎರಡನೆಯದು ಇನ್ನೂ ಕೆಟ್ಟ ಬೆರಕೆ. 1991ರ ‘ಟೈಮ್ಡ್ ಅಪ್ ಅಂಡ್ ಗೋ’ನಲ್ಲಿ ಕುರ್ಚಿ ಸುಮಾರು 46 ಸೆಂ.ಮೀ., ದೂರ 3 ಮೀಟರ್, ನಡಿಗೆ *ಮಾಮೂಲಿ* ವೇಗದ್ದು, ಕುರ್ಚಿಯ ಕೈ ಬಳಸಬಹುದು, ಕೋಲು ಇದ್ದರೆ ಅದೂ ಸರಿ. ಸಿಡಿಸಿ ಲೆಕ್ಕದಲ್ಲಿ 12 ಸೆಕೆಂಡು ಅಥವಾ ಹೆಚ್ಚಾದರೆ ಬೀಳುವ ಅಪಾಯ. ಸೀನಿಯರ್ ಫಿಟ್‌ನೆಸ್ ಟೆಸ್ಟಿನದು 8 ಅಡಿ, ಅಂದರೆ 2.44 ಮೀಟರ್, 43 ಸೆಂ.ಮೀ. ಕುರ್ಚಿ, *ಓಡದೆ ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ*. ಅದರಲ್ಲಿ 65–69ರ ಗಂಡಸರ ನಡುವಿನ ವ್ಯಾಪ್ತಿ 4.3ರಿಂದ 5.9 ಸೆಕೆಂಡು. ಒಂದರ ದೂರಕ್ಕೆ ಇನ್ನೊಂದರ ಪಟ್ಟಿ ಹಿಡಿದರೆ ಎಲ್ಲರೂ ರೋಗಿಗಳಾಗುತ್ತಾರೆ, ಇಲ್ಲ ಎಲ್ಲರೂ ಪೈಲ್ವಾನರಾಗುತ್ತಾರೆ.

ಎರಡರಲ್ಲೂ ಗಡಿಯಾರ ‘ಶುರು’ ಎಂದಾಗಲೇ ಒತ್ತಬೇಕು, ಅವರು ಅಲುಗಾಡಿದಾಗ ಅಲ್ಲ. ಏಳಲು ತಡವರಿಸುವುದೂ ಅಳತೆಯೊಳಗೇ ಬರಬೇಕು.

ಅಳತೆಗೋಲು
ಎಸ್‌ಪಿಪಿಬಿ ಬಗ್ಗೆ ಸೇರಿಸುವೆ. ಒಟ್ಟು 12 ಅಂಕ: ಸಮತೋಲನಕ್ಕೆ 4, ನಡಿಗೆಗೆ 4, ಕುರ್ಚಿಗೆ 4. ಸಮತೋಲನದಲ್ಲಿ ಮೊದಲು ಪಾದಗಳನ್ನು ಜೋಡಿಸಿ 10 ಸೆಕೆಂಡ್ (1 ಅಂಕ), ನಂತರ ಒಂದು ಹಿಮ್ಮಡಿಯ ಬದಿ ಇನ್ನೊಂದರ ಹೆಬ್ಬೆರಳಿಗೆ ತಾಗುವಂತೆ 10 ಸೆಕೆಂಡ್ (1 ಅಂಕ), ಕೊನೆಗೆ ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳ ತುದಿಗೆ ತಾಗುವಂತೆ ಒಂದೇ ಸಾಲಿನಲ್ಲಿ (10 ಸೆಕೆಂಡ್ ನಿಂತರೆ 2, 3ರಿಂದ 9.99ರವರೆಗೆ 1). 4 ಮೀಟರ್ ನಡಿಗೆ 4.82 ಸೆಕೆಂಡಿಗಿಂತ ಕಡಿಮೆಯಾದರೆ 4, 6.20ರವರೆಗೆ 3, 8.70ರವರೆಗೆ 2, ಆಮೇಲೆ 1.

ಆದರೆ ನಿಮ್ಮ ಬಳಗಕ್ಕೆ ಇದು ಅಷ್ಟಾಗಿ ಹೊಂದದು ಎಂಬುದು ನನ್ನ ಅಭಿಪ್ರಾಯ. ದಿನಾ ಕೆರೆ ಸುತ್ತುವವರಲ್ಲಿ ಮುಕ್ಕಾಲು ಪಾಲು ಜನ 11–12 ಅಂಕ ತೆಗೆದು ಕೂರುತ್ತಾರೆ. ಮೇಲೆ ಚಾವಣಿ ತಗುಲಿದ ಮೇಲೆ ಆರು ತಿಂಗಳಲ್ಲಿ ಕುಸಿದಿದ್ದೂ ಕಾಣುವುದಿಲ್ಲ. ಎಸ್‌ಪಿಪಿಬಿ ಆಸ್ಪತ್ರೆಯಿಂದ ಮನೆಗೆ ಬಂದವರಿಗೆ, ಮನೆಯಿಂದ ಹೊರಬರದವರಿಗೆ ಚೆನ್ನ. ಓಡಾಡಿಕೊಂಡಿರುವವರಿಗೆ 30 ಸೆಕೆಂಡಿನ ಕುರ್ಚಿ ಪರೀಕ್ಷೆ ಮತ್ತು ಒಂಟಿಕಾಲ ನಿಲುವು ಹೆಚ್ಚು ಸೂಕ್ಷ್ಮ. ಬ್ರೆಜಿಲ್‌ನಲ್ಲಿ 51ರಿಂದ 75 ವಯಸ್ಸಿನ 1,702 ಜನರನ್ನು ಒಂಟಿಕಾಲಲ್ಲಿ 10 ಸೆಕೆಂಡ್ ನಿಲ್ಲಿಸಿದಾಗ ಐವರಲ್ಲಿ ಒಬ್ಬರಿಗೆ ಆಗಲಿಲ್ಲ.

ಕುರ್ಚಿಯ ಎತ್ತರದ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು. ಒಂದೇ ಕುರ್ಚಿಯಿಂದ 5 ಅಡಿ 10 ಅಂಗುಲದವರು ಏಳುವುದೂ 5 ಅಡಿ 1 ಅಂಗುಲದವರು ಏಳುವುದೂ ಒಂದೇ ಕೆಲಸವಲ್ಲ. ಸ್ಪೇನಿನ ಅಲ್ಕಾಜಾರ್ ತಂಡ ಕೊಟ್ಟ ಸೂತ್ರದಿಂದ ಇದನ್ನು ವಾಟ್‌ಗೆ ತಿರುಗಿಸಬಹುದು:

ಶಕ್ತಿ = ತೂಕ × 0.9 × 9.81 × (ಎತ್ತರದ ಅರ್ಧ − ಕುರ್ಚಿಯ ಎತ್ತರ) ÷ (5 ಸಲದ ಸಮಯ ÷ 5 × 0.5)

ತೂಕ ಕೆ.ಜಿ.ಯಲ್ಲಿ, ಎತ್ತರ ಮೀಟರಿನಲ್ಲಿ. 62 ಕೆ.ಜಿ., 1.65 ಮೀ. ಎತ್ತರ, 0.43 ಮೀ. ಕುರ್ಚಿ, 12 ಸೆಕೆಂಡ್ ಎಂದಿಟ್ಟುಕೊಳ್ಳಿ. 62 × 0.9 × 9.81 = 547; ಅದನ್ನು 0.395ರಿಂದ ಗುಣಿಸಿದರೆ 216, 1.2ರಿಂದ ಭಾಗಿಸಿದರೆ 180 ವಾಟ್. ಕೆ.ಜಿ.ಗೆ 2.9. ಅದೇ ವ್ಯಕ್ತಿಗೆ 15 ಸೆಕೆಂಡ್ ಹಿಡಿದರೆ 144 ವಾಟ್, ಕೆ.ಜಿ.ಗೆ 2.3. ಹಿರಿಯ ಗಂಡಸರಿಗೆ ಆ ತಂಡ ಇಟ್ಟ ಗೆರೆ ಕೆ.ಜಿ.ಗೆ 2.6. ಈಗ ಗಮನಿಸಿ: 1.55 ಮೀ. ಎತ್ತರದವರು ಅದೇ ಕುರ್ಚಿಯಿಂದ ಅದೇ 12 ಸೆಕೆಂಡಿನಲ್ಲಿ ಎದ್ದರೂ ಕೆ.ಜಿ.ಗೆ 2.5 ಅಷ್ಟೇ. ಗಡಿಯಾರ ಇಬ್ಬರಿಗೂ ಒಂದೇ ಹೇಳಿತು, ಸ್ನಾಯು ಬೇರೆ ಬೇರೆ ಕೆಲಸ ಮಾಡಿತು. ಎಕ್ಸೆಲ್‌ನಲ್ಲಿ ಒಂದು ಕಾಲಂ ಹಾಕಿದರೆ ಮುಗಿಯಿತು.

ಮಂಡಿಚಿಪ್ಪು
@ಅಳತೆಗೋಲು ಸೂತ್ರ ಸರಿ, ಆದರೆ ಮಂಡಿನೋವಿನವರಲ್ಲಿ ಅದನ್ನು ‘ಸ್ನಾಯುಶಕ್ತಿ’ ಎಂದು ಓದಬೇಡಿ. ನೋವು ತಡೆದದ್ದೋ ಬಲ ಸಾಲದ್ದೋ ಸೂತ್ರಕ್ಕೆ ಗೊತ್ತಾಗುವುದಿಲ್ಲ. ಪರೀಕ್ಷೆ ಮುಗಿದ ಕೂಡಲೇ ‘ಯಾಕೆ ನಿಧಾನವಾಯಿತು?’ ಎಂದು ಒಂದು ಪ್ರಶ್ನೆ ಕೇಳಿ. ಮಂಡಿ, ಉಸಿರು, ತಲೆಸುತ್ತು, ಸೊಂಟ, ಹೆದರಿಕೆ ಇವುಗಳಲ್ಲಿ ಒಂದಕ್ಕೆ ಗುರುತು ಹಾಕಿ. ನನ್ನ ಮಟ್ಟಿಗೆ ಇಡೀ ಹಾಳೆಯಲ್ಲಿ ಅತಿ ಉಪಯೋಗದ ಕಾಲಂ ಅದು.

ಗರಡಿಮನೆ
ಉಪಕರಣ ಕೊಳ್ಳೋದಾದ್ರೆ ಗ್ರಿಪ್ ಡೈನಮೋಮೀಟರ್ ಕೊಳ್ಳಿ. ಜಾಮರ್ ಅನ್ನೋ ಹೈಡ್ರಾಲಿಕ್ ಥರದ್ದು ದುಬಾರಿ, ಸ್ಪ್ರಿಂಗಿನದೋ ಡಿಜಿಟಲ್‌ದೋ ಅಗ್ಗಕ್ಕೆ ಸಿಗತ್ತೆ. ಆದ್ರೆ ಎರಡರ ಭಂಗಿ ಬೇರೆ. ಜಾಮರ್ ಆದ್ರೆ ಕೂತು, ಮೊಣಕೈ 90 ಡಿಗ್ರಿ ಮಡಿಸಿ, ಹಿಡಿ ಎರಡನೇ ಸ್ಥಾನದಲ್ಲಿ. ಸ್ಮೆಡ್ಲಿ ಥರದ ಸ್ಪ್ರಿಂಗಿನದಾದ್ರೆ ನಿಂತು, ಕೈ ಪೂರ್ತಿ ಇಳಿಬಿಟ್ಟು, ಮೈಗೆ ತಾಗದ ಹಾಗೆ. ನಿಂತು ಅಳೆದ ಅಂಕಿನ ಕೂತು ಅಳೆದ ಅಂಕಿ ಜೊತೆ ಹೋಲಿಸಬೇಡಿ. ಎರಡೂ ಕೈಗೆ ಕನಿಷ್ಠ ಎರಡೆರಡು ಸಲ, ಅದರಲ್ಲಿ ಅತಿ ಹೆಚ್ಚಿನದು ಬರ್ಕೊಳ್ಳಿ. ನಡುವೆ ಒಂದು ನಿಮಿಷ ಬಿಡಿ. ‘ಒತ್ತಿ, ಒತ್ತಿ, ಇನ್ನೂ ಒತ್ತಿ’ ಅಂತ ಹುರಿದುಂಬಿಸೋದು ಎಲ್ಲರಿಗೂ ಒಂದೇ ಥರ ಇರಲಿ. ಯಾರಿಗೋ ಸ್ನೇಹಿತರು ಗುಂಪುಗೂಡಿ ಕೂಗಿದ್ರೆ ಎರಡು ಕೆ.ಜಿ. ಅಲ್ಲೇ ಏರಿಬಿಡತ್ತೆ.

ಏಷ್ಯಾದ ಸಾರ್ಕೊಪೀನಿಯಾ (ವಯಸ್ಸಾದಂತೆ ಸ್ನಾಯು ಕರಗೋದು) ತಂಡ 2019ರಲ್ಲಿ ಗಂಡಸರಿಗೆ ಹಾಕಿದ ಗೆರೆ 28 ಕೆ.ಜಿ. ಯುರೋಪಿನವರದು 27.

ತೋಳು ಮಡಿಸೋ ಪರೀಕ್ಷೆಗೆ ಗಂಡಸರಿಗೆ ಬೇಕಾದ ತೂಕ 8 ಪೌಂಡ್, ಅಂದ್ರೆ 3.63 ಕೆ.ಜಿ. ನಮ್ಮ ಅಂಗಡಿಲಿ 3, 4, 5 ಸಿಗತ್ತೆ. 4ರ ಡಂಬೆಲ್ ಹಿಡಿಸಿ ಅಮೆರಿಕದ ಪಟ್ಟಿ ನೋಡಿದ್ರೆ ಎಲ್ಲರೂ ಹಿಂದೆ ಬೀಳ್ತಾರೆ. ಗಟ್ಟಿ ಹಿಡಿಕೆಯ ಚೀಲಕ್ಕೆ ಒಣ ಮರಳು ತುಂಬಿ ತಕ್ಕಡಿಲಿ 3.63ಕ್ಕೆ ಸರಿಮಾಡಿ ಬಾಯಿ ಹೊಲಿದುಬಿಡಿ. ನೀರಿನ ಕ್ಯಾನ್ ಬೇಡ, ಒಳಗೆ ನೀರು ತುಳುಕಿ ಮಣಿಕಟ್ಟು ತಿರುಚತ್ತೆ.

ಅಳತೆಗೋಲು
28ರ ಗೆರೆಯನ್ನು ಹಾಗೇ ಎತ್ತಿ ಇಲ್ಲಿಗೆ ಇಡುವುದಕ್ಕೆ ನನ್ನ ತಕರಾರಿದೆ. ಪ್ಯೂರ್ ಎಂಬ ಬಹುರಾಷ್ಟ್ರ ಅಧ್ಯಯನದಲ್ಲಿ (ಬೆಂಗಳೂರಿನ ಸೇಂಟ್ ಜಾನ್ಸ್ ಕೂಡ ಅದರಲ್ಲಿತ್ತು) ದಕ್ಷಿಣ ಏಷ್ಯಾದವರ ಹಿಡಿತ ಯುರೋಪ್, ಉತ್ತರ ಅಮೆರಿಕದವರಿಗಿಂತ ಸ್ಪಷ್ಟವಾಗಿ ಕಡಿಮೆ. 2015ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಅದರ ವರದಿ 17 ದೇಶಗಳ ಸುಮಾರು 1.4 ಲಕ್ಷ ಜನರದ್ದು. ಹಿಡಿತ 5 ಕೆ.ಜಿ. ಕಡಿಮೆಯಾದಂತೆ ಸಾವಿನ ಅಪಾಯ ಶೇ. 16 ಹೆಚ್ಚುತ್ತದೆ ಎಂದು ಅದು ಹೇಳಿತು. ಅಂದರೆ ಹಿಡಿತಕ್ಕೆ ಬೆಲೆ ಇದೆ. ಆದರೆ 28 ಎಂಬ ಗೆರೆ ಬಹುಪಾಲು ಪೂರ್ವ ಏಷ್ಯಾದ ಮಾಹಿತಿಯಿಂದ ಬಂದದ್ದು. ಕುಳ್ಳಗೆ ಸಣಕಲಾಗಿರುವ, 80ರಲ್ಲೂ ಗದ್ದೆ ಬದುವಿನ ಮೇಲೆ ನಡೆಯುವ ಮನುಷ್ಯ 24 ಒತ್ತಿದರೆ ಅವರಿಗೆ ರೋಗದ ಹೆಸರು ಅಂಟಿಸಬೇಡಿ. ಅವರ ಈಗಿನ 24 ಮುಂದಿನ ವರ್ಷ 18 ಆದರೆ ಆಗ ಚಿಂತೆ ಮಾಡಿ.

ಡಾ. ಸಂಜೆ ಓಪಿಡಿ
ಒಪ್ಪಿದೆ, ಆದರೆ ಅರ್ಧ ಮಾತ್ರ. 24 ಒತ್ತಿದವರ ಮೀನಖಂಡದ ಸುತ್ತಳತೆಯೂ 34 ಸೆಂ.ಮೀ.ಗಿಂತ ಕಡಿಮೆ, ವರ್ಷದಲ್ಲಿ ತೂಕವೂ ಇಳಿದಿದೆ ಎಂದರೆ ಮುಂದಿನ ವರ್ಷಕ್ಕೆ ಕಾಯಬಾರದು. ಕೂರಿಸಿ, ಮಂಡಿ 90 ಡಿಗ್ರಿಯಲ್ಲಿಟ್ಟು, ಮೀನಖಂಡದ ಅತಿ ದಪ್ಪ ಜಾಗ ಸಿಗುವವರೆಗೆ ಹಿಗ್ಗದ ಟೇಪನ್ನು ಮೇಲೆ ಕೆಳಗೆ ಸರಿಸಿ ಅಳೆಯಿರಿ. ಕಾಲು ಊದಿಕೊಂಡವರಲ್ಲಿ ಈ ಅಳತೆ ಸುಳ್ಳು ಹೇಳುತ್ತದೆ. ಮೊದಲು ಕಣಕಾಲಿನ ಮೇಲೆ ಬೆರಳೊತ್ತಿ ಗುಳಿ ಬೀಳುತ್ತದೆಯೇ ನೋಡಿ.

ಸೆಕೆಂಡುಮುಳ್ಳು
ನಡಿಗೆಯ ವೇಗದಲ್ಲೂ ಅದೇ ಕಥೆ. ಎಸ್‌ಪಿಪಿಬಿಯಲ್ಲಿ ನಿಂತಲ್ಲಿಂದ ಹೊರಟು 4 ಮೀಟರ್. ಏಷ್ಯಾದ ತಂಡ ಹೇಳುವುದು 6 ಮೀಟರ್, ನಡೆಯುತ್ತಾ ಒಳಬಂದು ನಡೆಯುತ್ತಲೇ ಹೊರಹೋಗಬೇಕು; ಎರಡು ಸಲದ ಸರಾಸರಿ, ಸೆಕೆಂಡಿಗೆ 1 ಮೀಟರಿಗಿಂತ ಕಡಿಮೆಯಾದರೆ ನಿಧಾನ. ನಿಮ್ಮ 12 ಮೀಟರ್ ಹಾಲ್ ಇದಕ್ಕೆ ಹೇಳಿ ಮಾಡಿಸಿದ್ದು. ಮೊದಲ 2 ಮೀಟರ್ ಬಿಟ್ಟು ಒಂದು ಟೇಪು, ಅಲ್ಲಿಂದ 6 ಮೀಟರಿಗೆ ಇನ್ನೊಂದು, ಅದರಾಚೆ ಕನಿಷ್ಠ 2 ಮೀಟರ್ ಖಾಲಿ. ಮುಗಿಯುವ ಗೆರೆಯನ್ನು ಅವರಿಗೆ ತೋರಿಸಬೇಡಿ. ತೋರಿಸಿದರೆ ಗೆರೆಯ ಹತ್ತಿರ ನಿಧಾನಿಸುತ್ತಾರೆ. ಗೋಡೆಯ ಹತ್ತಿರದ ಒಂದು ಕುರ್ಚಿ ತೋರಿಸಿ ‘ಅಲ್ಲಿವರೆಗೆ, ಅಂಗಡಿಗೆ ಹೋಗೋ ಹಾಗೆ ನಡೀರಿ’ ಎನ್ನಿ. ಪಾದ ಮೊದಲ ಟೇಪು ದಾಟಿದಾಗ ಒತ್ತಿ, ಎರಡನೆಯದು ದಾಟಿದಾಗ ನಿಲ್ಲಿಸಿ.

ನೋಡುವವರು ಮುಂದೆಯೂ ಅಲ್ಲ, ಪಕ್ಕದಲ್ಲೂ ಅಲ್ಲ, ಅರ್ಧ ಹೆಜ್ಜೆ ಹಿಂದೆ ನಡೆಯಬೇಕು. ಪಕ್ಕದಲ್ಲಿ ನಡೆದರೆ ಅವರ ವೇಗ ಹೋಗಿ ನಿಮ್ಮ ವೇಗ ದಾಖಲಾಗುತ್ತದೆ.

ನಿತ್ಯಕರ್ಮ (ಸಮುದಾಯ ಆರೋಗ್ಯ)
ಇಷ್ಟೂ ಹೊತ್ತು ಸಾಮರ್ಥ್ಯದ ಮಾತಾಯಿತು, ದಿನದ ಕೆಲಸದ ಮಾತು ಬರಲೇ ಇಲ್ಲ. ಸ್ನಾನ, ಬಟ್ಟೆ, ಶೌಚ, ಮಂಚದಿಂದ ಏಳುವುದು, ಮಲಮೂತ್ರ ಹಿಡಿತ, ಊಟ, ಇವು 1963ರ ಕಾಟ್ಜ್ ಪಟ್ಟಿಯ ಆರು ಅಂಶಗಳು. ವಾಕಿಂಗಿಗೆ ಬರುವವರಲ್ಲಿ ಇವೆಲ್ಲ ಸರಿಯಾಗೇ ಇರುತ್ತವೆ. ಮೊದಲು ಸಡಿಲವಾಗುವುದು ಅದರ ಮೇಲಿನ ಹಂತ: ಹಣದ ಲೆಕ್ಕ, ಮಾತ್ರೆ ಸಮಯಕ್ಕೆ ತಗೊಳ್ಳುವುದು, ಬಸ್ ಹತ್ತಿ ಹೋಗಿಬರುವುದು, ಫೋನ್, ಅಂಗಡಿ. ಅದು 1969ರ ಲಾಟನ್ ಪಟ್ಟಿ.

ಆ ಪಟ್ಟಿಯಲ್ಲಿ ಗಂಡಸರಿಗೆ ಸಂಬಂಧಿಸಿದ ಒಂದು ತೊಡಕಿದೆ. ಒಟ್ಟು 8 ಅಂಶ. ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು ಗಂಡಸರಿಗೆ ಅನ್ವಯಿಸದು ಎಂದು ಅವರನ್ನು 5ರಲ್ಲೇ ಅಳೆಯುತ್ತಿದ್ದರು. ಈಗ 8ನ್ನೂ ಕೇಳಿದರೆ ನಮ್ಮ ಹಿರಿಯರು ‘ಅಡುಗೆ? ಇಲ್ಲ, ನಾನು ಮಾಡಲ್ಲ’ ಅಂತಾರೆ. ಮಾಡಲ್ಲ ಎಂಬುದಕ್ಕೆ ‘ಆಗಲ್ಲ’ ಎಂದು ಗುರುತು ಹಾಕಿದರೆ ಗಟ್ಟಿಮುಟ್ಟಾದ ಮನುಷ್ಯ ಕಾಗದದ ಮೇಲೆ ಪರಾವಲಂಬಿ. ತಿರುಗುಮುರುಗಾಗಿಯೂ ಆಗುತ್ತದೆ: ಮಾತ್ರೆ ಡಬ್ಬಿ ಹೆಂಡತಿ ತುಂಬಿಡುತ್ತಾರೆ, ಬ್ಯಾಂಕ್ ಕೆಲಸ ಮಗ ಮಾಡುತ್ತಾನೆ, ಇವರು ‘ಎಲ್ಲಾ ಸರಿ ಇದೆ’ ಎನ್ನುತ್ತಾರೆ. ಮರೆವು ಶುರುವಾಗಿದ್ದರೂ ಒಂದೆರಡು ವರ್ಷ ಹೊರಗೆ ಕಾಣುವುದಿಲ್ಲ.

ಹಾಗಾಗಿ ಪ್ರತಿ ಕೆಲಸಕ್ಕೂ ಎರಡು ಪ್ರಶ್ನೆ ಕೇಳಿ: ಈಗ ಮಾಡ್ತೀರಾ? ಮನೆಯಲ್ಲಿ ಯಾರೂ ಇಲ್ಲದಿದ್ದರೆ ಮಾಡೋಕಾಗತ್ತಾ? ಜೊತೆಗೆ ಮೂರನೆಯದು, ಹೋದ ವರ್ಷ ಮಾಡ್ತಿದ್ದು ಈಗ ಬಿಟ್ಟಿರೋ ಕೆಲಸ ಯಾವುದು? ‘ಸ್ಕೂಟರ್ ಬಿಟ್ಟೆ’, ‘ತೆಂಗಿನಕಾಯಿ ಸುಲಿಯೋದು ಬಿಟ್ಟೆ’, ‘ಮಹಡಿ ಟ್ಯಾಂಕ್ ನೋಡೋಕೆ ಹತ್ತಲ್ಲ’ ಎಂಬ ಉತ್ತರಗಳು ಯಾವ ಅಂತರರಾಷ್ಟ್ರೀಯ ಪಟ್ಟಿಯಲ್ಲೂ ಸಿಗುವುದಿಲ್ಲ. ಸಾಧ್ಯವಾದರೆ ಮನೆಯವರನ್ನೂ ಬೇರೆಯಾಗಿ ಕೇಳಿ.

ಧಾರವಾಡ ಪೇಡೆ
ಅಲ್ರೀ, ಎಲ್ಲಾರೂ ಕುರ್ಚಿ ಕುರ್ಚಿ ಅಂತೀರಿ. ನಮ್ಮ ಮಂದಿ ನೆಲದ ಮ್ಯಾಲೆ ಕೂಡ್ತಾರ, ಪಂಕ್ತಿ ಊಟ ಮಾಡ್ತಾರ, ಹಳ್ಳ್ಯಾಗ ಇನ್ನೂ ದೇಸಿ ಸಂಡಾಸನ ಐತಿ. ಕುರ್ಚಿಯಿಂದ 15 ಸಲ ಎದ್ದಾವ್ರು ನೆಲದಿಂದ ಒಮ್ಮೆ ಏಳಾಕ ಗ್ವಾಡಿ ಹಿಡೀತಾರ. ಅದನ್ನ ಅಳಿಯಾಕ ಏನೂ ಇಲ್ಲೇನು?

ಮಂಡಿಚಿಪ್ಪು
ಇದೆ ಸರ್. ಬ್ರೆಜಿಲ್‌ನ ಅರೌಜೊ ಅವರ ಕೂತೇಳುವ ಪರೀಕ್ಷೆ. ಬರಿಗಾಲಲ್ಲಿ ನಿಂತು ನೆಲಕ್ಕೆ ಕೂರಬೇಕು, ಮತ್ತೆ ಏಳಬೇಕು. ವೇಗ ಮುಖ್ಯವಲ್ಲ, ಆಧಾರ ಎಷ್ಟು ಕಡಿಮೆ ಎಂಬುದು ಮುಖ್ಯ. ಕೂರಲು 5, ಏಳಲು 5. ಅಂಗೈ, ಮೊಣಕೈವರೆಗಿನ ತೋಳು, ಮಂಡಿ, ಕಾಲಿನ ಪಕ್ಕ ಯಾವುದನ್ನು ಊರಿದರೂ, ತೊಡೆ ಅಥವಾ ಮಂಡಿಯ ಮೇಲೆ ಕೈ ಒತ್ತಿದರೂ ಒಂದೊಂದು ಅಂಕ ಕಳೆಯಿರಿ, ತೂರಾಡಿದರೆ ಅರ್ಧ. 2012ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 51–80ರ 2,002 ಜನ ಇದ್ದರು, ಅಂಕ ಕಡಿಮೆಯಾದಷ್ಟೂ ನಂತರದ ವರ್ಷಗಳಲ್ಲಿ ಸಾವು ಹೆಚ್ಚು.

ಮಂಡಿ ಬದಲಿಸಿದವರಿಗೆ, ಸೊಂಟದ ಆಪರೇಷನ್ ಆದವರಿಗೆ ಇದು ಬೇಡ. ಉಳಿದವರಿಗೆ ದಪ್ಪ ಜಮಖಾನೆ ಹಾಸಿ, ಒಬ್ಬರು ಹಿಂದೆ ನಿಲ್ಲಿ. ಪಂಚೆ ಉಟ್ಟು ಬಂದರೆ ಕಾಲಿನ ಪಕ್ಕ ನೆಲಕ್ಕೆ ತಾಗಿತೋ ಇಲ್ಲವೋ ಕಾಣುವುದೇ ಇಲ್ಲ. ಏಳುವಾಗ ತಾವೇ ಪಂಚೆ ಅಂಚು ತುಳಿದು ಮುಗ್ಗರಿಸುವುದೂ ಉಂಟು. ಎಲ್ಲರಿಗೂ ಪ್ಯಾಂಟ್ ಅಥವಾ ಚಡ್ಡಿ ಹಾಕಿಕೊಂಡು ಬರಲು ಹೇಳಿ. ಹವಾಯಿ ಚಪ್ಪಲಿ ಯಾವ ಪರೀಕ್ಷೆಯಲ್ಲೂ ಬೇಡ. ಶೂ ಆದರೆ ಪ್ರತಿ ಸಲವೂ ಶೂ, ಬರಿಗಾಲಾದರೆ ಪ್ರತಿ ಸಲವೂ ಬರಿಗಾಲು.

ಧಾರವಾಡ ಪೇಡೆ
ಹಿಂಗ ಹೇಳ್ರಿ ಮತ್ತ. ಇದನ್ನ ಪಟ್ಟಿಗೆ ಸೇರಸ್ರಿ, ಅಮೆರಿಕದವ್ರು ಏನಾರ ಅನ್ನಲಿ.

ಕೆರೆದಂಡೆ ಬಳಗ
ಸೇರಿಸಿದ್ವಿ. ದಮ್ಮು ಅಳೆಯೋಕೆ 6 ನಿಮಿಷದ ನಡಿಗೆ 12 ಮೀಟರ್ ಹಾಲ್‌ನಲ್ಲಿ ಆಗತ್ತಾ?

ಗರಡಿಮನೆ
ಆಗತ್ತೆ, ಆದ್ರೆ ಲೆಕ್ಕ ಕೆಡತ್ತೆ. ಆಸ್ಪತ್ರೆ ಕ್ರಮದಲ್ಲಿ 30 ಮೀಟರ್ ನೇರ ಜಾಗ ಬೇಕು. 12 ಮೀಟರಲ್ಲಿ ತಿರುವುಗಳೇ ಜಾಸ್ತಿ, ಪ್ರತಿ ತಿರುವಿಗೂ ವೇಗ ಇಳಿಯತ್ತೆ, ದೂರ ಕಡಿಮೆ ಬರತ್ತೆ. ಸೀನಿಯರ್ ಫಿಟ್‌ನೆಸ್ ಟೆಸ್ಟಲ್ಲಿ 50 ಗಜದ ಆಯತ, 20 ಗಜ ಉದ್ದ 5 ಗಜ ಅಗಲ. ಪಾರ್ಕಿನ ಸಮತಟ್ಟಾದ ಜಾಗದಲ್ಲಿ 18.3 ಮೀಟರ್ × 4.6 ಮೀಟರ್‌ಗೆ ನಾಲ್ಕು ಮೂಲೇಲಿ ಕೋನ್ ಇಟ್ರೆ ಒಂದು ಸುತ್ತು 45.7 ಮೀಟರ್. ಸುತ್ತಿಗೊಂದು ಐಸ್‌ಕ್ರೀಂ ಕಡ್ಡಿ ಕೈಗೆ ಕೊಡ್ತಾ ಹೋಗಿ, ಎಣಿಕೆ ತಪ್ಪಲ್ಲ. ಇಬ್ಬರನ್ನ ಜೊತೆಗೆ ಬಿಟ್ರೆ ಪಂದ್ಯ ಆಗತ್ತೆ, ಗಂಡಸರಲ್ಲಂತೂ ಖಂಡಿತ. ಹತ್ತು ಸೆಕೆಂಡು ಅಂತರ ಬಿಟ್ಟು ಹೊರಡಿಸಿ.

ಮಳೆಗಾಲದಲ್ಲಿ 2 ನಿಮಿಷದ ಹೆಜ್ಜೆ ಮಾಡಿ. ಮಂಡಿಚಿಪ್ಪಿನ ನಡುವಿಂದ ಸೊಂಟದ ಮುಂದಿನ ಮೂಳೆವರೆಗೆ ದಾರ ಹಿಡಿದು, ಮಧ್ಯದ ಎತ್ತರಕ್ಕೆ ಗೋಡೆ ಮೇಲೆ ಟೇಪು ಅಂಟಿಸಿ. ನಿಂತಲ್ಲೇ ಹೆಜ್ಜೆ ಹಾಕುವಾಗ ಮಂಡಿ ಆ ಮಟ್ಟಕ್ಕೆ ಬರಬೇಕು. ಬಲಮಂಡಿ ಬಂದದ್ದನ್ನ ಮಾತ್ರ ಎಣಿಸಿ. ಮಟ್ಟಕ್ಕೆ ಬರದಿದ್ರೆ ನಿಧಾನ ಮಾಡಿಸಿ, ಗಡಿಯಾರ ನಿಲ್ಲಿಸಬೇಡಿ. 60–64ರ ಗಂಡಸರಿಗೆ 87–115, 75–79ಕ್ಕೆ 73–109. ಎರಡನ್ನೂ ಒಂದೇ ದಿನ ಮಾಡಿಸಬೇಡಿ.

ಅಳತೆಗೋಲು
ಆರು ತಿಂಗಳ ನಂತರ ‘ಹೆಚ್ಚಾಯಿತು, ಕಡಿಮೆಯಾಯಿತು’ ಎಂದು ಹೇಳುವ ಮುನ್ನ ಅಳತೆಯ ಸಹಜ ಏರುಪೇರು ಎಷ್ಟೆಂದು ನೋಡಿ. ಹಿರಿಯರಲ್ಲಿ ನಡಿಗೆಯ ವೇಗ ಸೆಕೆಂಡಿಗೆ 0.05 ಮೀಟರ್ ಬದಲಾದರೆ ಅದು ಅರ್ಥವಿರುವ ಸಣ್ಣ ಬದಲಾವಣೆ, 0.1 ಆದರೆ ದೊಡ್ಡದು. 6 ನಿಮಿಷದ ನಡಿಗೆಯಲ್ಲಿ 20 ಮೀಟರ್ ಸಣ್ಣದು, 50 ದೊಡ್ಡದು. ಎಸ್‌ಪಿಪಿಬಿಯಲ್ಲಿ ಒಂದು ಅಂಕ ದೊಡ್ಡದು. ಹಿಡಿತದಲ್ಲಿ 5 ಕೆ.ಜಿ. ಆಸುಪಾಸು ಬದಲಾಗದೆ ಮಾತಾಡಬೇಡಿ. ಕುರ್ಚಿಯಲ್ಲಿ 13 ಇದ್ದದ್ದು 14 ಆಯಿತೆಂದು ಚಪ್ಪಾಳೆ ಹೊಡೆಯುವುದು ಬಳಗದ ಸಂತೋಷಕ್ಕೆ ಸರಿ, ಹಾಳೆಯಲ್ಲಿ ‘ಸುಧಾರಣೆ’ ಎಂದು ಬರೆಯಲು ಸಾಲದು.

ಮೊದಲ ಸಲ ಎಲ್ಲರೂ ಎರಡನೇ ಯತ್ನದಲ್ಲಿ ಚೆನ್ನಾಗಿ ಮಾಡುತ್ತಾರೆ, ಅದು ಕಲಿಕೆ. ಹಾಗಾಗಿ ಮೊದಲ ಶಿಬಿರದಲ್ಲಿ ಒಂದು ವಾರದ ಅಂತರದಲ್ಲಿ ಎರಡು ಸಲ ಮಾಡಿಸಿ, ಎರಡನೆಯದನ್ನು ಆಧಾರವಾಗಿಡಿ. ಬೆಳಗ್ಗೆ 7ಕ್ಕೆ ಮಾಡಿದರೆ ಮುಂದಿನ ಸಲವೂ ಅದೇ ಹೊತ್ತಿಗೆ ಮಾಡಿ. ಪಾರ್ಕಿನ್ಸನ್ ಮಾತ್ರೆ ತಗೊಳ್ಳುವವರಿದ್ದರೆ ಕೊನೆಯ ಮಾತ್ರೆ ಎಷ್ಟು ಗಂಟೆಗೆ ಎಂದು ಬರೆಯಲೇಬೇಕು. ಮಾತ್ರೆ ಹಿಡಿದಾಗಲೂ ಇಳಿದಾಗಲೂ ಅವರ ನಡಿಗೆ ಎರಡು ಬೇರೆ ಮನುಷ್ಯರದ್ದಿದ್ದ ಹಾಗಿರುತ್ತದೆ.

ಡಾ. ಸಂಜೆ ಓಪಿಡಿ
ಗಂಡಸರಿಗೇ ಸೀಮಿತವಾದ ದೊಡ್ಡ ಅಧ್ಯಯನವೊಂದನ್ನು ಹೇಳಿಬಿಡುವೆ. ಅಮೆರಿಕದ ಮಿಸ್ಟರ್ ಓಎಸ್ (ಗಂಡಸರ ಮೂಳೆ ಸವೆತದ್ದು): 2000–2002ರಲ್ಲಿ ಆರು ಕೇಂದ್ರಗಳಲ್ಲಿ 65 ದಾಟಿದ 5,994 ಗಂಡಸರು. ಹಿಡಿತ, ಕಾಲಿನ ಶಕ್ತಿ, 6 ಮೀಟರ್ ನಡಿಗೆ, 20 ಸೆಂ.ಮೀ. ಅಗಲದ ಪಟ್ಟಿಯೊಳಗೆ ನಡೆಯುವುದು, ಐದು ಸಲ ಏಳುವುದು ಎಲ್ಲವನ್ನೂ ಅಳೆದರು. ಐದು ಸಲ ಏಳಲಾಗದವರಲ್ಲಿ ಮುಂದೆ ಸೊಂಟದ ಮೂಳೆ ಮುರಿಯುವ ಅಪಾಯ ಹಲವು ಪಟ್ಟು ಹೆಚ್ಚಿತ್ತು. ಹಾಗಾಗಿ ನಿಮ್ಮ ಹಾಳೆಯಲ್ಲಿ ಅತಿ ಮುಖ್ಯವಾದವರು 12ರ ಬದಲು 11 ತೆಗೆದವರಲ್ಲ, ಕೈ ಊರದೆ ಒಮ್ಮೆಯೂ ಏಳಲಾಗದವರು. ಅವರ ಹೆಸರಿನ ಮುಂದೆ ಕೆಂಪು ಗುರುತು ಹಾಕಿ, ಅದೇ ವಾರ ವೈದ್ಯರನ್ನು ಕಾಣಿಸಿ. ಮೂಳೆ ಸವೆತ ಹೆಂಗಸರ ಕಾಯಿಲೆ ಎಂದುಕೊಂಡು ಗಂಡಸರಲ್ಲಿ ಯಾರೂ ಹುಡುಕುವುದಿಲ್ಲ.

ಕೆರೆದಂಡೆ ಬಳಗ
ಕ್ರಮ ಹೀಗಿಟ್ಟುಕೊಂಡಿದ್ದೀವಿ: ಫಾರಂ ಮತ್ತು ಬಿಪಿ, ಗ್ರಿಪ್, ಕುರ್ಚಿ 30 ಸೆಕೆಂಡ್, ಮೀನಖಂಡ (ಉಸಿರು ಸುಧಾರಿಸಿಕೊಳ್ಳಲಿ ಅಂತ), ಸಮತೋಲನ, 6 ಮೀಟರ್ ನಡಿಗೆ, 8 ಅಡಿ ತಿರುಗಿ ಬರೋದು, ನೆಲದಿಂದ ಏಳೋದು. ಎರಡು ನಿಮಿಷದ ಹೆಜ್ಜೆ ಕೊನೆಗೆ. ಸರೀನಾ?

ಮಂಡಿಚಿಪ್ಪು
ಸರಿ. ನೆಲದಿಂದ ಏಳುವುದನ್ನು ಹೆಜ್ಜೆ ಪರೀಕ್ಷೆಗೆ ಮೊದಲೇ ಇಟ್ಟದ್ದು ಒಳ್ಳೆಯದಾಯಿತು, ದಣಿದ ಮೇಲೆ ಬೀಳುವವರೇ ಹೆಚ್ಚು. ಸಮತೋಲನದಲ್ಲಿ ಹಿಡಿಯುವವರು ಪಕ್ಕದಲ್ಲಿ ಕೈ ಚಾಚಿಕೊಂಡಿರಲಿ, ಮುಟ್ಟಬಾರದು. ಕೂತು ಬಾಗುವುದು, ಬೆನ್ನ ಹಿಂದೆ ಕೈ ಎರಡನ್ನೂ ಬಿಟ್ಟದ್ದಕ್ಕೆ ನನ್ನ ಬೇಸರವಿಲ್ಲ. ಬೆನ್ನ ಹಿಂದೆ ಕೈ ಪರೀಕ್ಷೆಯಲ್ಲಿ ಗಂಡಸರಿಗೆ ಮೈನಸ್ ಬರುವುದೇ ಸಹಜ, ಅದನ್ನು ನೋಡಿ ಗಾಬರಿಯಾಗುತ್ತಾರೆ ಅಷ್ಟೇ.

ಕೆರೆದಂಡೆ ಬಳಗ
ಕೊನೇದು. 8 ಅಡಿನ ಕುರ್ಚಿಯ ಹಿಂಗಾಲಿಂದ ಅಳೆಯೋದಾ, ಮುಂಗಾಲಿಂದಲಾ? ಕೋನ್‌ನ ಯಾವ ಬದಿವರೆಗೆ?

ಸೆಕೆಂಡುಮುಳ್ಳು
ಆಸನದ ಮುಂದಿನ ಅಂಚಿನಿಂದ ನೇರ ಕೆಳಗೆ ನೆಲದಲ್ಲಿ ಗುರುತು ಹಾಕಿ. ಅಲ್ಲಿಂದ ಕೋನ್‌ನ *ಆಚೆ* ಬದಿಗೆ 2.44 ಮೀಟರ್. ಕೋನ್‌ನ ಆಚೆ ಕನಿಷ್ಠ ನಾಲ್ಕು ಅಡಿ ಖಾಲಿ ಇರಲಿ, ಇಲ್ಲದಿದ್ದರೆ ಗೋಡೆಗೆ ಹೆದರಿ ತಿರುವು ಕಿರಿದು ಮಾಡುತ್ತಾರೆ. ಎರಡೂ ಗುರುತಿಗೆ ನೆಲದ ಮೇಲೆ ಪೇಂಟ್ ಹಚ್ಚಿಬಿಡಿ, ಆರು ತಿಂಗಳಲ್ಲಿ ಟೇಪು ಕಿತ್ತುಹೋಗಿರುತ್ತದೆ.